ಲೆಕ್ಕ ಸರಿ, ಊಹೆ ತಪ್ಪು: ಥಾಮಸ್ ಮಾಲ್ಥಸ್ ಕತೆ

ಪಿಯುಸಿಯಲ್ಲಿ ನಾವೆಲ್ಲ ಎಪಿ, ಜಿಪಿ ಅಂತ ಉರು ಹೊಡೆದಿದ್ದೇವೆ. ಕೂಡುತ್ತಾ ಹೋದರೆ 1, 2, 3, 4. ಗುಣಿಸುತ್ತಾ ಹೋದರೆ 1, 2, 4, 8. ಈ ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟು ಇಂಗ್ಲೆಂಡನ್ನೇ ಬೆಚ್ಚಿಬೀಳಿಸಿದವರು ಥಾಮಸ್ ರಾಬರ್ಟ್ ಮಾಲ್ಥಸ್. ಜನಸಂಖ್ಯೆಯ ಮಾತು ಎಲ್ಲಿ ಬಂದರೂ ಇವರ ಹೆಸರು ಬಂದೇ ಬರುತ್ತೆ.

ಮಾಲ್ಥಸ್ ಹುಟ್ಟಿದ್ದು 1766ರಲ್ಲಿ, ಇಂಗ್ಲೆಂಡಿನ ಸರ್ರೆಯಲ್ಲಿ. ಮನೆಯವರು ಅನುಕೂಲಸ್ಥರು. ಹುಟ್ಟಿನಿಂದಲೇ ಸೀಳುತುಟಿ ಇದ್ದದ್ದರಿಂದ ಮಾತು ಸ್ಪಷ್ಟವಾಗಿರಲಿಲ್ಲ. ಆದರೆ ಗಣಿತದಲ್ಲಿ ಗಟ್ಟಿಗ. ಕೇಂಬ್ರಿಜ್‌ನಲ್ಲಿ ಓದಿ 1788ರಲ್ಲಿ ಒಂಬತ್ತನೇ ರಾಂಗ್ಲರ್ ಆದರು. ಆಮೇಲೆ ಪಾದ್ರಿಯಾದರು.

ಅದು ಫ್ರೆಂಚ್ ಕ್ರಾಂತಿಯ ಕಾಲ. ಗಾಡ್ವಿನ್‌ರಂಥ ಚಿಂತಕರನ್ನು ಓದಿದ್ದ ಅಪ್ಪ ಡೇನಿಯಲ್, ಸಮಾಜ ಸುಧಾರಿಸುತ್ತಲೇ ಹೋಗುತ್ತೆ ಎಂದು ನಂಬಿದ್ದರು. ಮಗ ಒಪ್ಪಲಿಲ್ಲ. ಅಪ್ಪ-ಮಗನ ಈ ವಾದವೇ 1798ರಲ್ಲಿ ಪುಸ್ತಕವಾಯ್ತು. ಮೊದಲ ಮುದ್ರಣದಲ್ಲಿ ಲೇಖಕರ ಹೆಸರೇ ಇರಲಿಲ್ಲ.

ವಾದ ಸರಳ. ಅಮೆರಿಕದಲ್ಲಿ ಜನ 25 ವರ್ಷಕ್ಕೆ ದುಪ್ಪಟ್ಟಾಗುತ್ತಿದ್ದರು. ಹಾಗೇ ಬಿಟ್ಟರೆ 225 ವರ್ಷದಲ್ಲಿ ಒಂದು ಇದ್ದದ್ದು 512 ಆಗುತ್ತೆ. ಆಹಾರ ಕೂಡುತ್ತಾ ಬೆಳೆಯುವುದರಿಂದ ಬರೀ 10 ಆಗಿರುತ್ತೆ. ಇದು ನಡೆಯೋ ಮಾತಲ್ಲ, ಅಂದಮೇಲೆ ಎಲ್ಲೋ ಬ್ರೇಕ್ ಬೀಳಲೇಬೇಕು. ಬ್ರೇಕ್ ಎರಡು ಥರ: ಹಸಿವು, ರೋಗ, ಯುದ್ಧ ಸೇರಿ ಮರಣ ಪ್ರಮಾಣ ಏರಿಸುವುದು ಒಂದು, ತಡವಾಗಿ ಮದುವೆಯಾಗಿ ಜನನ ಪ್ರಮಾಣ ಇಳಿಸುವುದು ಇನ್ನೊಂದು. ಜನನ, ಮರಣದ ಜೊತೆ ವಲಸೆಯನ್ನು ಸೇರಿಸಿದರೆ ಇವತ್ತಿಗೂ ಜನಸಂಖ್ಯಾ ಶಾಸ್ತ್ರದ ಮೂಲ ಸಮೀಕರಣ ಅಷ್ಟೇ.

ಟೀಕೆ ಜೋರಾಗಿಯೇ ಬಂತು. ಮಾಲ್ಥಸ್ ಸುಮ್ಮನೆ ಕೂರಲಿಲ್ಲ. ಸ್ಕ್ಯಾಂಡಿನೇವಿಯಾ ಸುತ್ತಿ ಮಾಹಿತಿ ಕಲೆಹಾಕಿ, 1803ರಲ್ಲಿ ಬಹಳ ದೊಡ್ಡದಾದ ಎರಡನೇ ಆವೃತ್ತಿಯನ್ನು ಹೆಸರು ಹಾಕಿಯೇ ತಂದರು. ತಡವಾಗಿ ಮದುವೆಯಾಗಿ ಅಂತ ಬರೆದವರು ತಾವು ಮದುವೆಯಾದದ್ದೂ 38ರ ವಯಸ್ಸಿನಲ್ಲಿ!

1805ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಹೊಸ ಕಾಲೇಜಿಗೆ ಇವರನ್ನು ಪ್ರೊಫೆಸರ್ ಮಾಡಿತು. ಭಾರತವನ್ನು ಆಳಲು ಬರುವ ಹುಡುಗರು ತಯಾರಾಗುತ್ತಿದ್ದದ್ದು ಅಲ್ಲೇ. ಪಾಪ್ಯುಲೇಷನ್ ಮೇಷ್ಟ್ರಿಗೆ ಆ ಹುಡುಗರು ಇಟ್ಟ ಅಡ್ಡಹೆಸರು 'ಪಾಪ್'. ಬಡವರಿಗೆ ಸರ್ಕಾರ ಸಹಾಯಧನ ಕೊಟ್ಟರೆ ಮಕ್ಕಳು ಹೆಚ್ಚಿ ಬಡತನವೂ ಹೆಚ್ಚುತ್ತೆ, ಆ ಸಹಾಯವನ್ನು ಕ್ರಮೇಣ ನಿಲ್ಲಿಸಬೇಕು ಎಂಬುದು ಮೇಷ್ಟ್ರ ನಿಲುವು. 1834ರ ಕೊನೆಯಲ್ಲಿ ಬಾತ್ ಪಟ್ಟಣದಲ್ಲಿ ಅವರು ತೀರಿಕೊಂಡರು.

ಅವರು ಹೋದರೂ ಆ ಯೋಚನೆ ಹೋಗಲಿಲ್ಲ. 1876-78ರಲ್ಲಿ ಮೈಸೂರು, ಮದ್ರಾಸ್ ಸೀಮೆಗಳಿಗೆ ಘೋರ ಬರ ಬಂತು; ನಮ್ಮ ಹಿರಿಯರು ಹೇಳುತ್ತಿದ್ದ ಧಾತು-ಈಶ್ವರದ ಬರ. ಪರಿಹಾರದ ಖರ್ಚು ತಗ್ಗಿಸಲು ಸರ್ಕಾರ ಕಳಿಸಿದ ಸರ್ ರಿಚರ್ಡ್ ಟೆಂಪಲ್ ಓದಿದ್ದು ಅದೇ ಕಾಲೇಜಿನಲ್ಲಿ. ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕೆಜಿಗೂ ಕಡಿಮೆ ಧಾನ್ಯ, ಜೊತೆಗೆ ಒಂದಾಣೆ ಸಾಕು ಅಂದರು. ಅದೇ ವರ್ಷಗಳಲ್ಲಿ ಭಾರತದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಇದು ಮಾಲ್ಥಸ್ ಹೇಳಿದ ಬ್ರೇಕ್ ತಾನಾಗಿ ಬಿದ್ದದ್ದಲ್ಲ. ಅದನ್ನು ಒತ್ತಿದ್ದರಲ್ಲಿ ಆಳುವವರ ಕಾಲೂ ಇತ್ತು.

ಹಾಗಾದರೆ ಮಾಲ್ಥಸ್ ಎಡವಿದ್ದೆಲ್ಲಿ? ಗುಣಾಕಾರದಲ್ಲಂತೂ ಅಲ್ಲ. ಆಹಾರ ನಿಧಾನವಾಗಿಯೇ ಬೆಳೆಯುತ್ತೆ, ಹೊಟ್ಟೆ ತುಂಬಿದರೆ ಬಡವರು ಮಕ್ಕಳನ್ನು ಹೆರುತ್ತಲೇ ಹೋಗುತ್ತಾರೆ ಎಂಬ ಊಹೆಗಳಲ್ಲಿ. ಅವರ ಕಾಲದಲ್ಲಿ ಸುಮಾರು 100 ಕೋಟಿ ಇದ್ದ ಪ್ರಪಂಚ 2022ಕ್ಕೆ 800 ಕೋಟಿ ಮುಟ್ಟಿತು; ರಸಗೊಬ್ಬರ, ನೀರಾವರಿ, ಹೊಸ ತಳಿಗಳಿಂದ ಆಹಾರವೂ ಬೆಳೆಯಿತು. ಕೂಸುಗಳು ಬದುಕುಳಿದಂತೆ, ಹೆಣ್ಣುಮಕ್ಕಳು ಓದಿದಂತೆ ಜನನ ಪ್ರಮಾಣ ಇಳಿಯುತ್ತಾ ಬಂತು. ಜನಸಂಖ್ಯೆ ಇದ್ದಷ್ಟೇ ಇರಲು ಒಬ್ಬ ಹೆಣ್ಣಿಗೆ ಸರಾಸರಿ 2.1 ಮಕ್ಕಳು ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಅದು 1.7.

ಹಾಗಂತ ಮಾಲ್ಥಸ್‌ರನ್ನು ಮೂಲೆಗೆ ತಳ್ಳುವ ಹಾಗಿಲ್ಲ. 1838ರಲ್ಲಿ ಡಾರ್ವಿನ್‌ಗೆ ವಿಕಾಸವಾದದ ಎಳೆ ಸಿಕ್ಕಿದ್ದು ಇವರ ಪುಸ್ತಕ ಓದುವಾಗ. ಅದೇ ವರ್ಷ ವೆರ್ಹುಲ್ಸ್ಟ್ ಇವರ ಲೆಕ್ಕಕ್ಕೆ ಒಂದು ಮಿತಿ ಸೇರಿಸಿದ್ದರಿಂದಲೇ ನಮಗೆ ಎಸ್ ಆಕಾರದ ಲಾಜಿಸ್ಟಿಕ್ ಕರ್ವ್ ಸಿಕ್ಕಿದ್ದು. ನಾವೂ ನಾಳೆ ಮಾಡೆಲ್ ಕಟ್ಟುವವರೇ. ಉತ್ತರ ತಾಳೆಯಾಯ್ತು ಅಂತ ಲ್ಯಾಪ್‌ಟಾಪ್ ಮುಚ್ಚುವ ಮೊದಲು, ಶುರುವಿನಲ್ಲಿ ಏನನ್ನು ಊಹಿಸಿಕೊಂಡಿದ್ದೆವು, ಅದು ತಪ್ಪಾದರೆ ಯಾರ ಊಟ ಕಡಿಮೆಯಾಗುತ್ತೆ ಅಂತಲೂ ಒಮ್ಮೆ ನೋಡೋಣ.