ಗೆರೆಗಳನ್ನು ಓದಿದ ಸಾರಥಿ

ಹಾಸನದಲ್ಲಿ ಮೂರು ದಶಕ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತನಾದ ನನ್ನ ಮನೆಗೆ ಕಳೆದ ವರ್ಷದ ಬೇಸಿಗೆಯಲ್ಲಿ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಜಗಳವೊಂದನ್ನು ಹೊತ್ತು ಬಂದರು. ಒಬ್ಬ ಹೊಳೆನರಸೀಪುರದವನು, ಇನ್ನೊಬ್ಬ ಚನ್ನರಾಯಪಟ್ಟಣದವನು, ಮೂರನೆಯವನು ಅರಕಲಗೂಡು ಸೀಮೆಯ ರೈತನ ಮಗ. ಕಾಲೇಜುಗಳ ನಡುವಿನ ಸ್ಪರ್ಧೆಯೊಂದಕ್ಕಾಗಿ ಅವರು ಕಬ್ಬಿಣದ ಕೊಳವೆಗಳನ್ನು ತಾವೇ ವೆಲ್ಡ್ ಮಾಡಿ ಒಂದು ಗೋ-ಕಾರ್ಟ್ ಕಟ್ಟಿದ್ದರು. ಅದಕ್ಕೆ ಡೇಟಾ ಲಾಗರ್ ಎಂಬ ಪುಟ್ಟ ಪೆಟ್ಟಿಗೆಯನ್ನೂ ಅಳವಡಿಸಿದ್ದರು. ಚಕ್ರದ ವೇಗವೆಷ್ಟು, ಆಕ್ಸಿಲರೇಟರನ್ನು ಎಷ್ಟು ಒತ್ತಿದೆ, ಬ್ರೇಕಿನ ಮೇಲೆ ಕಾಲು ಯಾವಾಗ ಬಿತ್ತು ಎಂಬುದನ್ನು ಸೆಕೆಂಡಿಗೆ ಹತ್ತಾರು ಸಲ ಬರೆದಿಡುವ ಪೆಟ್ಟಿಗೆ ಅದು. ಅದು ಬರೆದ ಗೆರೆಗಳ ಪ್ರಕಾರ, ಗಾಡಿ ಓಡಿಸುವ ಅರಕಲಗೂಡಿನ ಹುಡುಗ ಪ್ರತಿ ತಿರುವಿನಲ್ಲೂ ಬೇಕಾದುದಕ್ಕಿಂತ ಮೊದಲೇ ಬ್ರೇಕ್ ಹಾಕುತ್ತಿದ್ದ. ಟ್ರ್ಯಾಕ್ಟರಿನ ಮೇಲೆಯೇ ಬೆಳೆದವನಿಗೆ ಇದು ಅವಮಾನವೆನಿಸಿತ್ತು. ತನ್ನ ಕೈಕಾಲಿಗೆ ತಿಳಿದದ್ದು ಪೆಟ್ಟಿಗೆಗೇನು ತಿಳಿದೀತು ಎಂಬುದು ಅವನ ವಾದ. ಚಾಲಕನನ್ನೇ ಬದಲಿಸೋಣವೆಂಬುದು ಉಳಿದಿಬ್ಬರ ವಾದ.

ತೀರ್ಪು ಕೊಡುವ ಉತ್ಸಾಹ ನನಗಿರಲಿಲ್ಲ. ಅವರಿಗೆ ಅಯರ್ಟನ್ ಸೆನ್ನಾನ ಬದುಕನ್ನು ಹೇಳಿದೆ. ಆತ ತೀರಿಕೊಂಡಾಗ ಈ ಮೂವರೂ ಹುಟ್ಟಿರಲಿಲ್ಲ.

ಸೆನ್ನಾ ಹುಟ್ಟಿದ್ದು 1960ರ ಮಾರ್ಚ್ 21ರಂದು, ಬ್ರೆಜಿಲಿನ ಸಾವೊ ಪಾಲೊ ನಗರದ ಅನುಕೂಲಸ್ಥ ಕುಟುಂಬದಲ್ಲಿ. ನಾಲ್ಕು ವರ್ಷದ ಮಗನಿಗೆ ತಂದೆ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಕೂಡಿಸಿ ಒಂದು ಕಾರ್ಟ್ ಮಾಡಿಕೊಟ್ಟರು. 13ನೇ ವಯಸ್ಸಿಗೆ ಮೊದಲ ಸ್ಪರ್ಧೆ. ಕಾರ್ಟಿಂಗ್‌ನ ವಿಶ್ವ ಚಾಂಪಿಯನ್ ಪಟ್ಟ ಮಾತ್ರ ಕೊನೆಯವರೆಗೂ ಸಿಗಲಿಲ್ಲ. 1979 ಮತ್ತು 1980ರಲ್ಲಿ ಎರಡನೆಯ ಸ್ಥಾನಕ್ಕೇ ತೃಪ್ತನಾಗಬೇಕಾಯಿತು. 1981ರಲ್ಲಿ ಇಂಗ್ಲೆಂಡಿಗೆ ಹೋದ. 1983ರಲ್ಲಿ ಬ್ರಿಟಿಷ್ ಫಾರ್ಮುಲಾ ತ್ರೀ ಪ್ರಶಸ್ತಿ ಗೆದ್ದು, ಮರುವರ್ಷ ಟೋಲ್‌ಮನ್ ಎಂಬ ಸಣ್ಣ ತಂಡದ ಮೂಲಕ ಫಾರ್ಮುಲಾ ಒನ್ ಪ್ರವೇಶಿಸಿದ.

ಸೆನ್ನಾ ಎಂದೊಡನೆ ಅಭಿಮಾನಿಗಳಿಗೆ ನೆನಪಾಗುವುದು ಮಳೆ. 1984ರ ಮೊನಾಕೊದಲ್ಲಿ ಆ ದುರ್ಬಲ ಕಾರಿನಲ್ಲೇ ಎರಡನೆಯವನಾಗಿ ಬಂದದ್ದು, 1985ರಲ್ಲಿ ಪೋರ್ಚುಗಲ್‌ನ ಎಸ್ಟೊರಿಲ್‌ನಲ್ಲಿ ಲೋಟಸ್ ತಂಡಕ್ಕಾಗಿ ಮೊದಲ ಗೆಲುವು ಪಡೆದದ್ದು, 1993ರಲ್ಲಿ ಡಾನಿಂಗ್‌ಟನ್‌ನ ಮೊದಲ ಸುತ್ತಿನಲ್ಲೇ ಐದನೆಯ ಸ್ಥಾನದಿಂದ ಮುಂದಕ್ಕೆ ನುಗ್ಗಿದ್ದು, ಎಲ್ಲವೂ ಸುರಿವ ಮಳೆಯಲ್ಲಿ. ಹೀಗಾಗಿ ಆತನನ್ನು ದೈವದತ್ತ ಪ್ರತಿಭೆಯೆಂದು ಕೊಂಡಾಡುವುದು ವಾಡಿಕೆಯಾಗಿಬಿಟ್ಟಿದೆ. ಈ ಹೊಗಳಿಕೆಯಲ್ಲಿ ಅರ್ಧ ಅನ್ಯಾಯವಿದೆ ಎಂಬುದು ನನ್ನ ಅನಿಸಿಕೆ. ಓಟ ಮುಗಿಸಿ ಇಳಿದ ಮೇಲೆ ಆತ ಎಂಜಿನಿಯರುಗಳ ಜೊತೆ ಗಂಟೆಗಟ್ಟಲೆ ಕೂರುತ್ತಿದ್ದ ಸಂಗತಿ ಈ ಹೊಗಳಿಕೆಯಲ್ಲಿ ಮರೆಯಾಗುತ್ತದೆ. ಯಾವ ತಿರುವಿನಲ್ಲಿ ಎಂಜಿನ್ ಹೇಗೆ ವರ್ತಿಸಿತು, ಮಾಪಕ ಏನು ತೋರಿಸುತ್ತಿತ್ತು ಎಂಬುದನ್ನು ನೆನಪಿನಿಂದಲೇ ಒಪ್ಪಿಸಿ, ಆಮೇಲೆ ಅದನ್ನು ಯಂತ್ರದ ದಾಖಲೆಯೊಂದಿಗೆ ಹೋಲಿಸಿ ನೋಡುವುದು ಆತನ ಪದ್ಧತಿ.

ಹಾಸನದವರಿಗೆ ಟೆಲಿಮೆಟ್ರಿ ಅಪರಿಚಿತ ವಿದ್ಯೆಯಲ್ಲ. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ 1982ರಿಂದಲೂ ನಡೆಯುತ್ತಿರುವುದು ಅದೇ. 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹ ತನ್ನ ಮೈಯ ಬಿಸಿಯನ್ನು, ಬ್ಯಾಟರಿಯ ಸ್ಥಿತಿಯನ್ನು ರೇಡಿಯೊ ಸಂಕೇತಗಳಲ್ಲಿ ಹೇಳುತ್ತಿರುತ್ತದೆ. ಕೆಳಗಿರುವವರು ಅದನ್ನು ಓದಿ ಅದರ ಯೋಗಕ್ಷೇಮ ನೋಡುತ್ತಾರೆ. ಎಂಬತ್ತರ ದಶಕದಲ್ಲಿ ಇದೇ ವಿದ್ಯೆ ರೇಸ್ ಕಾರುಗಳೊಳಗೂ ಹೊಕ್ಕಿತು. ಅದರ ಅಗತ್ಯವನ್ನು ಸೆನ್ನಾ ಪೆಟ್ಟು ತಿಂದೇ ಕಲಿತಿದ್ದ. 1985ರಲ್ಲಿ ಇಟಲಿಯ ಇಮೋಲಾದಲ್ಲಿ ಮುಂಚೂಣಿಯಲ್ಲಿದ್ದಾಗಲೇ, ಓಟ ಮುಗಿಯಲು ಕೆಲವೇ ಸುತ್ತುಗಳಿರುವಾಗ, ಆತನ ಕಾರಿನ ಇಂಧನ ಬರಿದಾಯಿತು. ಆಗಿನ ಟರ್ಬೊ ಎಂಜಿನ್‌ಗಳಿಗೆ ದಾಹ ಹೆಚ್ಚು, ನಿಯಮ ಕೊಡುತ್ತಿದ್ದ ಇಂಧನವೋ ಕಡಿಮೆ. 1988ರ ಹೊತ್ತಿಗೆ ಸುಮಾರು 300 ಕಿ.ಮೀ. ಓಟಕ್ಕೆ ಟರ್ಬೊ ಕಾರಿಗೆ ಸಿಗುತ್ತಿದ್ದುದು 150 ಲೀಟರ್ ಮಾತ್ರ. ಯಾವ ಹಂತದಲ್ಲಿ ಎಷ್ಟು ಸುಡಬೇಕೆಂಬ ಲೆಕ್ಕವನ್ನು ಬರಿಯ ಅಂದಾಜಿಗೆ ಬಿಡುವಂತಿರಲಿಲ್ಲ.

1987ರಲ್ಲಿ ಲೋಟಸ್‌ಗೆ ಹೋಂಡಾ ಎಂಜಿನ್ ಬಂತು. ಆ ವರ್ಷದ ಕಾರಿನಲ್ಲಿ ಸ್ಪ್ರಿಂಗುಗಳ ಕೆಲಸವನ್ನು ಕಂಪ್ಯೂಟರ್ ಆಜ್ಞೆಯಂತೆ ಏರಿಳಿಯುವ ಹೈಡ್ರಾಲಿಕ್ ವ್ಯವಸ್ಥೆ ವಹಿಸಿಕೊಂಡಿತ್ತು. ಅಂಥ ಕಾರಿಗೆ ಫಾರ್ಮುಲಾ ಒನ್‌ನ ಮೊದಲ ಗೆಲುವನ್ನು ಸೆನ್ನಾ ಮೊನಾಕೊದಲ್ಲಿ ತಂದುಕೊಟ್ಟ. ಹೋಂಡಾದ ಜಪಾನಿ ಎಂಜಿನಿಯರುಗಳೊಂದಿಗೆ ಆತನಿಗೆ ಗಾಢವಾದ ಒಡನಾಟ ಬೆಳೆಯಿತು. ಆತ ತಿರುವಿನೊಳಗೆ ಆಕ್ಸಿಲರೇಟರನ್ನು ಒಮ್ಮೆಗೇ ಒತ್ತದೆ, ಬಿಟ್ಟುಬಿಟ್ಟು ಪಟಪಟನೆ ತಟ್ಟುತ್ತಿದ್ದುದು ದಾಖಲೆಯ ಗೆರೆಯಲ್ಲಿ ಗರಗಸದ ಹಲ್ಲಿನಂತೆ ಮೂಡುತ್ತಿತ್ತು. ಕಾರ್ಟಿಂಗ್ ದಿನಗಳಿಂದ ಬಂದ ರೂಢಿ ಅದು. ಕಾಲು ಮಾಡುತ್ತಿದ್ದುದನ್ನು ಕಣ್ಣು ನೋಡುವಂತಾದದ್ದು ಈ ಪೆಟ್ಟಿಗೆಯಿಂದ.

1988ರಲ್ಲಿ ಮೆಕ್ಲಾರೆನ್ ಸೇರಿದ. ಆ ವರ್ಷದ 16 ಓಟಗಳಲ್ಲಿ 15 ಆ ತಂಡದ ಪಾಲಾದವು: ಸೆನ್ನಾನಿಗೆ ಎಂಟು, ಜತೆಗಾರ ಅಲೆನ್ ಪ್ರಾಸ್ಟ್‌ಗೆ ಏಳು. ಅವರ ವೈರದ ಕಥೆ ಎಲ್ಲರಿಗೂ ಗೊತ್ತಿರುವುದೇ. 1988, 1990, 1991ರಲ್ಲಿ ವಿಶ್ವ ಚಾಂಪಿಯನ್ ಆದ. ಒಟ್ಟು 41 ಗೆಲುವು ಆತನ ಹೆಸರಿನಲ್ಲಿವೆ.

ಒಂದು ವಿಷಯದಲ್ಲಿ ಮಾತ್ರ ಆತನ ನಿಲುವು ಖಚಿತವಾಗಿತ್ತು. ತೊಂಬತ್ತರ ಆರಂಭದಲ್ಲಿ ಎಲೆಕ್ಟ್ರಾನಿಕ್ಸ್ ಬರಿಯ ಗುಮಾಸ್ತನಾಗಿ ಉಳಿಯದೆ ತಾನೇ ಚಾಲಕನಾಗತೊಡಗಿತು. ಚಕ್ರ ಜಾರದಂತೆ ಶಕ್ತಿಯನ್ನು ತಾನೇ ತಗ್ಗಿಸುವ, ಕಾರಿನ ಎತ್ತರವನ್ನು ತಾನೇ ಹೊಂದಿಸುವ ವ್ಯವಸ್ಥೆಗಳು ಬಂದವು. ಇವು ಚಾಲಕನ ಕೌಶಲವನ್ನು ಕುಗ್ಗಿಸುತ್ತವೆಂದು ಸೆನ್ನಾ ಬಹಿರಂಗವಾಗಿಯೇ ಆಕ್ಷೇಪಿಸಿದ. ಹಾಗೆಂದು ಅವನ್ನು ಬಳಸದೆ ಬಿಡಲಿಲ್ಲ ಎನ್ನುವುದನ್ನೂ ಹೇಳಬೇಕು. ಡಾನಿಂಗ್‌ಟನ್‌ನಲ್ಲಿ ಗೆದ್ದ ಮೆಕ್ಲಾರೆನ್ ಕಾರೂ ಅವುಗಳಿಂದ ತುಂಬಿತ್ತು. 1994ರಲ್ಲಿ ಈ ಸಹಾಯಗಳು ನಿಷೇಧವಾದವು. ಅದೇ ವರ್ಷ ಆತ ವಿಲಿಯಮ್ಸ್ ತಂಡಕ್ಕೆ ಬಂದ. ಅವುಗಳ ಆಸರೆ ತಪ್ಪಿದ ಕಾರು ಹಿಡಿತಕ್ಕೆ ಸಿಗುತ್ತಿರಲಿಲ್ಲ. ಮೊದಲ ಎರಡೂ ಓಟಗಳನ್ನು ಆತ ಪೂರ್ತಿಗೊಳಿಸಲಾಗಲಿಲ್ಲ.

ಮೂರನೆಯದು ಇಮೋಲಾ. ಹಿಂದಿನ ದಿನವಷ್ಟೇ ಆಸ್ಟ್ರಿಯಾದ ರೋಲಂಡ್ ರಾಟ್ಸೆನ್‌ಬರ್ಗರ್ ಅಲ್ಲಿ ಜೀವ ಕಳೆದುಕೊಂಡಿದ್ದ. ಮೇ 1ರಂದು, ಏಳನೆಯ ಸುತ್ತಿನಲ್ಲಿ, ತಾಂಬುರೆಲ್ಲೊ ಎಂಬ ತಿರುವಿನಲ್ಲಿ ಸೆನ್ನಾನ ಕಾರು ತಿರುಗದೆ ನೇರವಾಗಿ ಗೋಡೆಗೆ ಹೋಯಿತು. ಆತನಿಗೆ 34 ವರ್ಷ. ಟ್ರ್ಯಾಕ್ ಬಿಟ್ಟಾಗ ವೇಗ ಗಂಟೆಗೆ 300 ಕಿ.ಮೀ.ಗೂ ಹೆಚ್ಚಿತ್ತು, ಎರಡು ಸೆಕೆಂಡೂ ಆಗದ ಆ ಅವಧಿಯಲ್ಲಿ ಆತ ಬ್ರೇಕ್ ಒತ್ತಿದ್ದ, ಗೋಡೆಗೆ ತಾಗಿದಾಗಲೂ ವೇಗ 200ರ ಮೇಲೆಯೇ ಇತ್ತು. ಇಷ್ಟನ್ನು ಜಗತ್ತಿಗೆ ತಿಳಿಸಿದ್ದು ಕೂಡ ದಾಖಲಾದ ದತ್ತಾಂಶವೇ.

ಆ ಗೆರೆಗಳನ್ನು ಆಮೇಲೆ ಓದಿದವರು ನ್ಯಾಯಾಲಯದಲ್ಲಿದ್ದರು. ಕಾರಿನೊಳಗೆ ಜಾಗ ಸಾಲದೆಂದು ಸೆನ್ನಾನೇ ಕೇಳಿದ್ದರಿಂದ ಸ್ಟಿಯರಿಂಗ್ ದಂಡವನ್ನು ಕತ್ತರಿಸಿ ಬೆಸೆದು ಮಾರ್ಪಡಿಸಲಾಗಿತ್ತು. ಅಪಘಾತದ ನಂತರ ಅದು ಮುರಿದಿತ್ತು. ಮೊದಲೇ ಮುರಿದು ಕಾರು ದಾರಿ ತಪ್ಪಿತೆಂದು ಆರೋಪಿಸಿದವರು ಮಂಡಿಸಿದ ದತ್ತಾಂಶವನ್ನೇ, ಗೋಡೆಗೆ ಬಡಿದಾಗ ಮುರಿಯಿತೆಂದು ವಾದಿಸಿದ ತಂಡವೂ ಮಂಡಿಸಿತು. 1997ರಲ್ಲಿ ಆರೋಪಿಗಳ ಖುಲಾಸೆ, ಮೇಲ್ಮನವಿ, ಮರುವಿಚಾರಣೆ ಎಂದು ಹತ್ತು ವರ್ಷ ಎಳೆಯಿತು. 2007ರಲ್ಲಿ ಇಟಲಿಯ ಸರ್ವೋಚ್ಚ ನ್ಯಾಯಾಲಯ ದಂಡ ಮುರಿದದ್ದೇ ಕಾರಣವೆಂದಿತು. ಆದರೆ ಶಿಕ್ಷೆಯ ಕಾಲಮಿತಿ ಅಷ್ಟರಲ್ಲಿ ಮೀರಿತ್ತು. ಎಲ್ಲರೂ ಅದನ್ನು ಒಪ್ಪಿದ್ದಾರೆಂದು ಇಂದಿಗೂ ಹೇಳಲಾಗದು.

ಇಷ್ಟು ಹೇಳಿ ಹುಡುಗರೊಂದಿಗೆ ಗೋ-ಕಾರ್ಟ್ ಬಳಿಗೆ ಹೋದೆ. ಬ್ರೇಕ್ ಪೆಡಲಿನ ಸೆನ್ಸರ್ ಹಿಡಿದಿದ್ದ ಸ್ಕ್ರೂ ಸಡಿಲವಾಗಿತ್ತು. ಕಾಲು ತಾಗುವ ಮೊದಲೇ, ಅದುರಿಕೆಗೇ ಅದು ಸಂಕೇತ ಕೊಡುತ್ತಿತ್ತು. ಅರಕಲಗೂಡಿನವನ ಮುಖ ಅರಳಿತು. ಬಿಗಿ ಮಾಡಿ ಮತ್ತೆ ಓಡಿಸಿದಾಗ ಹೆಚ್ಚಿನ ತಿರುವುಗಳಲ್ಲಿ ಅವನು ಸರಿಯಾಗಿಯೇ ಇದ್ದ; ಎರಡರಲ್ಲಿ ಮಾತ್ರ ಈಗಲೂ ಬೇಗ ಬ್ರೇಕ್ ಹಾಕುತ್ತಿದ್ದ. ಈ ಬಾರಿ ಮೂವರೂ ಮಾತಾಡಲಿಲ್ಲ.

ಸಂಜೆ ಅವರಿಗೆ ಒಂದು ವಿಡಿಯೊ ತೋರಿಸಿದೆ. 1989ರಲ್ಲಿ ಜಪಾನಿನ ಸುಜುಕಾದಲ್ಲಿ ಅರ್ಹತಾ ಸುತ್ತನ್ನು ಸೆನ್ನಾ 1 ನಿಮಿಷ 38.041 ಸೆಕೆಂಡುಗಳಲ್ಲಿ ಮುಗಿಸಿದಾಗ ಹೋಂಡಾ ದಾಖಲಿಸಿಕೊಂಡಿದ್ದ ಗೆರೆಗಳು ಹಾಗೇ ಉಳಿದಿದ್ದವು. 2013ರಲ್ಲಿ ಅವುಗಳನ್ನು ಆಧರಿಸಿ ಆ ಎಂಜಿನ್ನಿನ ಸದ್ದನ್ನು ಮರಳಿ ಸೃಷ್ಟಿಸಿ, ಅದೇ ಟ್ರ್ಯಾಕಿನುದ್ದಕ್ಕೂ ಧ್ವನಿವರ್ಧಕಗಳನ್ನೂ ದೀಪಗಳನ್ನೂ ಇಟ್ಟು ರಾತ್ರಿ ಹೊತ್ತು ನುಡಿಸಿದರು. ಕಾರಿಲ್ಲ, ಚಾಲಕನಿಲ್ಲ, ಕತ್ತಲಲ್ಲಿ ಬೆಳಕೊಂದು ಓಡುತ್ತದೆ, ಅದರ ಹಿಂದೆಯೇ ಸದ್ದು. ಅರಕಲಗೂಡಿನ ಹುಡುಗ ಅದನ್ನು ಎರಡು ಸಲ ನೋಡಿ, ತನ್ನ ಆಕ್ಸಿಲರೇಟರಿನ ಗೆರೆಯನ್ನು ಇನ್ನೊಮ್ಮೆ ತೆರೆಯುವಂತೆ ಕೇಳಿದ.