ನೋವನ್ನು ನಗೆಯಾಗಿಸಿದ ನಂದಳಿಕೆಯ ಕವಿ ಮುದ್ದಣ

ಆಂಟಾಪ್ ಹಿಲ್, ಸಾಯನ್, ವಡಾಲ, ಮಾಟುಂಗಾ ಪರಿಸರದಲ್ಲಿ ನೆಲೆನಿಂತಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಹೇಳದೆ ಉಳಿದ ಕಥೆಗಳಿಗೆ ಕೊರತೆಯಿಲ್ಲ. ಬರಿಗೈಯಲ್ಲಿ ಊರು ಬಿಟ್ಟು ಬಂದವರು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು, ಒಂದೇ ಕೋಣೆಯಲ್ಲಿ ಹಲವರೊಂದಿಗೆ ಮಲಗೆದ್ದು ಊರಿಗೆ ತಪ್ಪದೆ ಮನಿಯಾರ್ಡರ್ ಕಳುಹಿಸಿದವರು ನಮ್ಮ ಹಿರಿಯರಲ್ಲಿ ಅನೇಕರು. ಇಂತಹ ಬದುಕು ಪುಸ್ತಕವಾಗುವುದು ಹೇಗೆ ಎಂಬ ಪ್ರಶ್ನೆ ನಮಗೆ ಹೊಸದೇನಲ್ಲ. ಈ ಮಹಾನಗರದ ಒತ್ತಡ, ಭಯ, ಒಂಟಿತನಗಳು ಯಶವಂತ ಚಿತ್ತಾಲರ ‘ಶಿಕಾರಿ’ ಕಾದಂಬರಿಯಾದವು. ಇಲ್ಲಿಯ ಕಾರ್ಮಿಕ ಬದುಕಿನ ತಳಮಳ ವ್ಯಾಸರಾಯ ಬಲ್ಲಾಳರ ‘ಬಂಡಾಯ’ವಾಗಿ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಇವರೆಲ್ಲರಿಗಿಂತ ಬಹಳ ಹಿಂದೆ, ನಮ್ಮಲ್ಲಿ ಬಹುಮಂದಿಯ ತವರಾದ ಕರಾವಳಿಯಲ್ಲೇ ಬಾಳಿ, ತನ್ನ ಬಡತನವನ್ನು ಬೇರೆಯೇ ಬಗೆಯಲ್ಲಿ ಸಾಹಿತ್ಯವಾಗಿಸಿದ ಕವಿಯೊಬ್ಬನಿದ್ದನು. ಅವನೇ ಮುದ್ದಣ. ಅವನ ಬಾಳನ್ನು ಓದುಗರೊಂದಿಗೆ ಮತ್ತೊಮ್ಮೆ ನೆನೆಯುವುದು ಈ ಬರಹದ ಉದ್ದೇಶ.

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಬೆಳ್ಮಣ್ ಸಿಗುತ್ತದೆ. ಅದರ ಸಮೀಪದ ಊರೇ ನಂದಳಿಕೆ. ತುಳುನಾಡಿನವರಿಗೆ ಅದು ಸಿರಿಜಾತ್ರೆಯ ಊರೆಂದು ಚಿರಪರಿಚಿತ. ಆ ಊರಿನಲ್ಲಿ 1870ರ ಜನವರಿ 24ರಂದು ಪಾಠಾಳಿ ತಿಮ್ಮಪ್ಪಯ್ಯ ಮತ್ತು ಮಹಾಲಕ್ಷ್ಮಿ ದಂಪತಿಗಳಿಗೆ ಮಗನೊಬ್ಬ ಹುಟ್ಟಿದನು. ಇಟ್ಟ ಹೆಸರು ಲಕ್ಷ್ಮೀನಾರಣಪ್ಪ. ತಾಯಿ ಮುದ್ದಿನಿಂದ ಕರೆಯುತ್ತಿದ್ದುದು ಮುದ್ದಣ ಎಂದು. ಮುಂದೆ ಕನ್ನಡ ನಾಡು ಉಳಿಸಿಕೊಂಡದ್ದು ಈ ಎರಡನೆಯ ಹೆಸರನ್ನೇ.

ಮನೆಯಲ್ಲಿ ವಿದ್ಯೆಯ ಹಂಬಲವಿತ್ತು, ಹಣವಿರಲಿಲ್ಲ. ಊರಿನ ಶಾಲೆಯ ಓದು ಮುಗಿದ ಮೇಲೆ ಲಕ್ಷ್ಮೀನಾರಣಪ್ಪನವರು ಉಡುಪಿಗೆ ಬಂದರು. ಆದರೆ ಇಂಗ್ಲಿಷ್ ವಿದ್ಯಾಭ್ಯಾಸವನ್ನು ಬಹುಕಾಲ ಮುಂದುವರಿಸಲು ಬಡತನ ಬಿಡಲಿಲ್ಲ. ಸಂಪಾದನೆಯ ದಾರಿಯೊಂದು ಬೇಕಾಗಿತ್ತು. ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು ಶಾಲೆಯಲ್ಲಿ ಮಕ್ಕಳಿಗೆ ಕಸರತ್ತು ಕಲಿಸುವ ಮಾಸ್ತರರಾದರು. ಕೆಲಕಾಲ ಕುಂದಾಪುರದಲ್ಲಿಯೂ ದುಡಿದು ಮತ್ತೆ ಉಡುಪಿಗೆ ಮರಳಿದರು. ಇಂದಿನ ದಿನಗಳಲ್ಲಿ ವ್ಯಾಯಾಮ ಶಿಕ್ಷಕರಿಗೆ ಗೌರವದ ಸ್ಥಾನವಿದೆ. ಅಂದು ಹಾಗಿರಲಿಲ್ಲ. ಭಾಷೆ, ಗಣಿತ ಕಲಿಸುವವರ ಸಾಲಿನಲ್ಲಿ ಕಸರತ್ತಿನ ಮಾಸ್ತರರಿಗೆ ಸಿಗುತ್ತಿದ್ದುದು ಕೊನೆಯ ಕುರ್ಚಿ. ಹಳೆಯ ಕಾವ್ಯಗಳನ್ನು ಹೃದ್ಗತ ಮಾಡಿಕೊಂಡಿದ್ದ ಮನುಷ್ಯನೊಬ್ಬನು ಬೆಳಗಿನಿಂದ ಸಂಜೆಯವರೆಗೆ ಮೈದಾನದಲ್ಲಿ ನಿಂತು ಮಕ್ಕಳ ಕೈಕಾಲುಗಳನ್ನು ಎಣಿಕೆಗೆ ಸರಿಯಾಗಿ ಆಡಿಸಬೇಕಾದ ಸ್ಥಿತಿಯನ್ನು ನಾವು ಊಹಿಸಿಕೊಳ್ಳಬಹುದು.

ಅವರಿಗೆ ಮೊದಲು ಒದಗಿದ ಆಸರೆ ಯಕ್ಷಗಾನ. ಕರಾವಳಿಯ ಬಡ ಮಕ್ಕಳಿಗೆ ಪುರಾಣ, ಛಂದಸ್ಸು, ಮಾತುಗಾರಿಕೆಗಳನ್ನು ಖರ್ಚಿಲ್ಲದೆ ಕಲಿಸಿದ ವಿಶ್ವವಿದ್ಯಾನಿಲಯವೆಂದರೆ ಬಯಲಾಟವೇ ತಾನೆ. ‘ರತ್ನಾವತಿ ಕಲ್ಯಾಣ’ ಮತ್ತು ‘ಕುಮಾರ ವಿಜಯ’ ಎಂಬ ಎರಡು ಯಕ್ಷಗಾನ ಪ್ರಸಂಗಗಳನ್ನು ಅವರು ರಚಿಸಿದರು. ಉಡುಪಿಯ ಕನ್ನಡ ಪಂಡಿತರಾದ ಮಳಲಿ ಸುಬ್ಬರಾಯರ ಸ್ನೇಹವೂ ಆ ಕಾಲದಲ್ಲಿ ದೊರಕಿತು. ಹಳಗನ್ನಡದ ಓದು ಆಳವಾಯಿತು. 1893ರಲ್ಲಿ ಕಮಲಾಬಾಯಿಯವರೊಂದಿಗೆ ವಿವಾಹವಾಯಿತು. ಸಂಸಾರ ಬೆಳೆಯಿತು, ಸಂಬಳ ಬೆಳೆಯಲಿಲ್ಲ. ಹಗಲು ಮೈದಾನ, ಉಳಿದ ಹೊತ್ತಿನಲ್ಲಿ ಬರಹ ಎಂಬಂತೆ ದಿನಗಳು ಸಾಗಿದವು.

ಆಗ ಮೈಸೂರಿನಿಂದ ‘ಕಾವ್ಯಮಂಜರಿ’ ಎಂಬ ಪತ್ರಿಕೆ ಹೊರಬರುತ್ತಿತ್ತು. ಓಲೆಗರಿಗಳಲ್ಲಿ ಮರೆಯಾಗಿದ್ದ ಹಳೆಯ ಕನ್ನಡ ಕೃತಿಗಳನ್ನು ಹುಡುಕಿ ಅಚ್ಚು ಹಾಕಿಸುವುದು ಅದರ ಕಾರ್ಯ. ಎಂ. ಎ. ರಾಮಾನುಜಯ್ಯಂಗಾರ್ ಮತ್ತು ಎಸ್. ಜಿ. ನರಸಿಂಹಾಚಾರ್ಯರು ಈ ಕಾರ್ಯದಲ್ಲಿ ತೊಡಗಿದ್ದರು. ಲಕ್ಷ್ಮೀನಾರಣಪ್ಪನವರು ತಾವೇ ಬರೆದ ಕೃತಿಗಳನ್ನು ತಮ್ಮದೆಂದು ಹೇಳಿಕೊಳ್ಳದೆ, ಹಿಂದಿನ ಯಾರೋ ಕವಿಯ ರಚನೆಗಳೆಂಬಂತೆ ಮೈಸೂರಿಗೆ ಕಳುಹಿಸತೊಡಗಿದರು. 1895ರಲ್ಲಿ ‘ಅದ್ಭುತ ರಾಮಾಯಣ’, ಅದರ ಬೆನ್ನಿಗೆ ‘ಶ್ರೀರಾಮ ಪಟ್ಟಾಭಿಷೇಕ’ ಹೀಗೆ ಬೆಳಕು ಕಂಡವು. ಶತಮಾನ ಮುಗಿಯುವ ಹೊತ್ತಿಗೆ ‘ಶ್ರೀರಾಮಾಶ್ವಮೇಧ’ವೂ ‘ಕಾವ್ಯಕಲಾನಿಧಿ’ ಮಾಲೆಯಲ್ಲಿ ಪ್ರಕಟವಾಗತೊಡಗಿತು. ಪಟ್ಟಾಭಿಷೇಕವನ್ನು ಅವರು ಹೊರಿಸಿದ್ದು ತಾಯಿಯ ಹೆಸರಾದ ಮಹಾಲಕ್ಷ್ಮಿಗೆ. ಅಶ್ವಮೇಧವನ್ನು ಹೊರಿಸಿದ್ದು ತಾಯಿ ಕರೆದ ಹೆಸರಾದ ಮುದ್ದಣನಿಗೆ. ಮರೆಮಾಚಲು ಆರಿಸಿಕೊಂಡ ಹೆಸರುಗಳೆಲ್ಲವೂ ಮನೆಯೊಳಗಿನವು ಎಂಬುದನ್ನು ಗಮನಿಸಬೇಕು.

ಏಕೆ ಹೀಗೆ ಮಾಡಿದರು? ಸಂಕೋಚವೆನ್ನಬಹುದು, ಅಳುಕೆನ್ನಬಹುದು. ಕಸರತ್ತಿನ ಮಾಸ್ತರನೊಬ್ಬನು ಕಾವ್ಯ ಬರೆದಿದ್ದಾನೆಂದರೆ ಓದುವ ಮೊದಲೇ ನಗುವವರಿದ್ದ ಕಾಲವದು. ಹಳೆಯದೆಂದರೆ ಕಣ್ಣಿಗೊತ್ತಿಕೊಳ್ಳುವ, ಹೊಸದೆಂದರೆ ಹುಬ್ಬುಗಂಟಿಕ್ಕುವ ಪಂಡಿತರ ನಡುವೆ ಕೃತಿಯೊಂದು ತನ್ನ ಯೋಗ್ಯತೆಯಿಂದಲೇ ನಿಲ್ಲಬೇಕಾದರೆ ಕರ್ತೃ ಮರೆಯಾಗಬೇಕೆಂದು ಅವರು ಬಗೆದಿರಬಹುದು. ಇಂಗ್ಲೆಂಡಿನಲ್ಲಿಯೂ ಇಂಥದೇ ಕಾರಣಕ್ಕೆ ಬ್ರಾಂಟೆ ಸಹೋದರಿಯರು ಗಂಡಸರೆಂದು ತೋರುವ ಹೆಸರುಗಳಲ್ಲಿ ತಮ್ಮ ಕಾದಂಬರಿಗಳನ್ನು 1847ರಲ್ಲಿ ಪ್ರಕಟಿಸಿದ್ದರು. ಆದರೆ ಷಾರ್ಲೆಟ್ ಬ್ರಾಂಟೆಗೆ ತನ್ನ ನಿಜನಾಮದಲ್ಲಿ ಮನ್ನಣೆ ಪಡೆಯುವಷ್ಟು ಆಯುಸ್ಸು ಇತ್ತು. ನಮ್ಮ ನಂದಳಿಕೆಯ ಕವಿಗೆ ಆ ಭಾಗ್ಯವೂ ಇರಲಿಲ್ಲ.

ಈಗ ಶ್ರೀರಾಮಾಶ್ವಮೇಧದ ಒಳಗೆ ಒಂದಿಷ್ಟು ಇಣುಕೋಣ. ವಸ್ತು ಪುರಾಣದ್ದು. ಪಟ್ಟಾಭಿಷೇಕದ ನಂತರ ರಾಮನು ಯಾಗದ ಕುದುರೆಯನ್ನು ಬಿಡುವುದು, ಅದರ ಸುತ್ತ ನಡೆಯುವ ಯುದ್ಧಗಳು, ಸೀತೆಯ ಪರಿತ್ಯಾಗ, ಲವಕುಶರ ಸಾಹಸ, ಇವೆಲ್ಲ ನಮಗೆ ತಿಳಿದ ಕಥೆಗಳೇ. ಆದರೆ ಕೃತಿಯನ್ನು ಬಾಳಿಸಿದ್ದು ಈ ಕಥೆಯಲ್ಲ, ಕಥೆ ಹೇಳುವ ಮನೆ. ಮಳೆಗಾಲದ ದಿನ. ಅರಮನೆಯಿಂದ ದಣಿದು ಬರುವ ಕವಿ ಮುದ್ದಣನನ್ನು ಹೆಂಡತಿ ಮನೋರಮೆ ಎದುರುಗೊಂಡು ಉಪಚರಿಸುತ್ತಾಳೆ. ಬೇಸರ ಕಳೆಯಲು ಕಥೆಯೊಂದನ್ನು ಹೇಳೆಂದು ಬೇಡುತ್ತಾಳೆ. ಯಾವ ಕಥೆ ಎಂಬುದರಿಂದ ಹಿಡಿದು ಅದು ಪದ್ಯದಲ್ಲಿರಬೇಕೋ ಗದ್ಯದಲ್ಲಿರಬೇಕೋ, ಸಂಸ್ಕೃತ ಎಷ್ಟಿರಬೇಕು, ಕನ್ನಡ ಎಷ್ಟಿರಬೇಕು ಎಂಬುದರವರೆಗೆ ಇಬ್ಬರಿಗೂ ಚೌಕಾಸಿ ನಡೆಯುತ್ತದೆ. ಕಥೆಯ ನಡುನಡುವೆ ಅವಳು ತಡೆದು ಕೇಳುತ್ತಾಳೆ, ಕೆಣಕುತ್ತಾಳೆ, ಅರ್ಥವಾಗದ ಬಿಗಿ ಮಾತು ಬಂದರೆ ಮುಲಾಜಿಲ್ಲದೆ ಹಾಸ್ಯ ಮಾಡುತ್ತಾಳೆ. ಶಾಲೆಯ ಕನ್ನಡ ಪುಸ್ತಕದಲ್ಲಿ ಈ ಸಲ್ಲಾಪವನ್ನು ಓದಿ, ವಾರ್ಷಿಕೋತ್ಸವದ ವೇದಿಕೆಯಲ್ಲಿ ಮುದ್ದಣ-ಮನೋರಮೆಯರಾಗಿ ಅಭಿನಯಿಸಿದ ಹಿರಿಯರು ನಮ್ಮ ನಡುವೆ ಇಂದಿಗೂ ಇದ್ದಾರೆ.

ಇಲ್ಲಿಯೇ ನಾವು ನಿಂತು ಯೋಚಿಸಬೇಕಾದ ಸಂಗತಿಯಿದೆ. ನಿಜ ಜೀವನದಲ್ಲಿ ಅರಮನೆಯಿರಲಿಲ್ಲ, ಶಾಲೆಯ ಮೈದಾನವಿತ್ತು. ರಾಜಾಶ್ರಯವಿರಲಿಲ್ಲ, ತಿಂಗಳ ಕೊನೆಗೆ ಸಾಲದ ಸಂಬಳವಿತ್ತು. ಆ ದಣಿವು ನಿಜ, ಮಳೆ ನಿಜ, ಮನೆಯಲ್ಲಿ ಕಾದಿರುವ ಹೆಂಡತಿಯೂ ನಿಜ. ಕಮಲಾಬಾಯಿಯವರ ಛಾಯೆಯನ್ನು ಮನೋರಮೆಯಲ್ಲಿ ವಿಮರ್ಶಕರು ಗುರುತಿಸುತ್ತಲೇ ಬಂದಿದ್ದಾರೆ. ಕವಿಯು ತನ್ನ ಬಡತನವನ್ನು ಬಡತನವೆಂದು ಎಲ್ಲಿಯೂ ತೋಡಿಕೊಳ್ಳಲಿಲ್ಲ. ಮೈದಾನವನ್ನು ಅರಮನೆಯಾಗಿಸಿದನು. ಬಿಡುವಿಲ್ಲದ ಬಾಳಿಗೆ ಕಥೆ ಕೇಳುವಷ್ಟು ಬಿಡುವನ್ನು ಕಲ್ಪಿಸಿಕೊಟ್ಟನು. ತಾನು ಅನುಭವಿಸಬೇಕಾಗಿದ್ದ, ಆದರೆ ಬದುಕು ಕೊಡದೆ ಹೋದ ನೆಮ್ಮದಿಯ ಸಂಜೆಯೊಂದನ್ನು ಅಕ್ಷರಗಳಲ್ಲಿ ಕಟ್ಟಿಕೊಂಡನು. ಬಾಳಿನ ಕಷ್ಟ ಕೃತಿಯಾಗುವುದೆಂದರೆ ಕಷ್ಟದ ಪಟ್ಟಿ ಒಪ್ಪಿಸುವುದೆಂದೇ ಅರ್ಥವಲ್ಲ. ಇಲ್ಲದ್ದನ್ನು ಇದೆಯೆಂಬಷ್ಟು ಪ್ರೀತಿಯಿಂದ ಬರೆದಾಗ, ಆ ಪ್ರೀತಿಯ ಅಳತೆಯೇ ಕೊರತೆಯ ಅಳತೆಯನ್ನೂ ಹೇಳುತ್ತದೆ.

ನೋವು ಅವನ ಕೃತಿಗಳಲ್ಲಿ ಇಲ್ಲವೇ ಇಲ್ಲವೆಂದಲ್ಲ. ಅದು ಸೀತೆಯ ರೂಪದಲ್ಲಿ ಬರುತ್ತದೆ. ‘ಅದ್ಭುತ ರಾಮಾಯಣ’ದಲ್ಲಿ ಸಾವಿರ ತಲೆಯ ರಾವಣನನ್ನು ಕೊಲ್ಲುವವಳು ಸೀತೆ. ಅಶ್ವಮೇಧದಲ್ಲಿ ತುಂಬು ಬಸುರಿಯಾಗಿ ಕಾಡಿಗೆ ನೂಕಲ್ಪಡುವವಳೂ ಸೀತೆಯೇ. ಆ ಭಾಗದ ಕರುಣರಸ ಓದಿದವರ ಎದೆಯನ್ನು ಇಂದಿಗೂ ಕಲಕುತ್ತದೆ. ತಪ್ಪಿಲ್ಲದೆ ಶಿಕ್ಷೆ ಅನುಭವಿಸುವವರ ಸಂಕಟವನ್ನು ಆ ಕವಿಗೆ ಪುರಾಣವೊಂದೇ ಕಲಿಸಿರಲಾರದು ಎಂದು ನಮಗೆ ತೋರುತ್ತದೆ. ಅವನು ಹುಟ್ಟಿದ ನಾಡು ಕೂಡ ಅಂಥದು. ಗಂಡನ ಅನ್ಯಾಯವನ್ನು ಸಹಿಸದೆ ಮನೆ ತೊರೆದು ಹೊರಟ ಸಿರಿಯ ಪಾಡ್ದನವನ್ನು ತಲೆಮಾರುಗಳಿಂದ ಹಾಡಿಕೊಂಡು ಬಂದ ತುಳುನಾಡು, ಹೆಣ್ಣಿನ ದುಃಖವನ್ನು ಹಾಡಾಗಿಸುವ ವಿದ್ಯೆಯನ್ನು ತನ್ನ ಮಕ್ಕಳಿಗೆ ಬೇರೆಯಾಗಿ ಕಲಿಸಬೇಕಾಗಿಲ್ಲ.

ಈ ಬರಹಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಕ್ಷಯರೋಗವು ಆ ಕಾಲದಲ್ಲಿ ಮದ್ದಿಲ್ಲದ ಕಾಯಿಲೆ. ಅದಕ್ಕೆ ಕಾರಣವಾದ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ 1882ರಲ್ಲಿ ಕಂಡುಹಿಡಿದಿದ್ದರೂ ಗುಣಪಡಿಸುವ ಔಷಧ ದೊರೆತದ್ದು 1940ರ ದಶಕದಲ್ಲಿ. ದುಡಿತ, ಅರೆಹೊಟ್ಟೆ, ನಿದ್ದೆಗೆಟ್ಟ ಬರಹ ಇವುಗಳಿಂದ ಸೋತ ದೇಹವನ್ನು ರೋಗ ಬೇಗನೆ ಸೋಲಿಸಿತು. ಇತರರಿಗೆ ದೇಹದಾರ್ಢ್ಯವನ್ನು ಕಲಿಸುತ್ತಿದ್ದ ಮಾಸ್ತರರು 1901ರ ಫೆಬ್ರವರಿಯಲ್ಲಿ, 31ರ ಹರೆಯದಲ್ಲಿ, ಹೆಂಡತಿಯನ್ನೂ ಎಳೆಯ ಮಗುವನ್ನೂ ಬಿಟ್ಟು ತೀರಿಕೊಂಡರು. ಬರೆಯತೊಡಗಿದ್ದ ‘ಗೋದಾವರಿ’ ಎಂಬ ಕಾದಂಬರಿ ಕನ್ನಡಿಗರ ಕೈಸೇರಲಿಲ್ಲ.

ಇನ್ನೊಂದು ಬೆಲೆಯೂ ಇದೆ. ಕನ್ನಡ ಓದುಗರು ಮುದ್ದಣನನ್ನು ಹಿಂದಿನ ಶತಮಾನಗಳ ಯಾವನೋ ಕವಿಯೆಂದು ಭಾವಿಸಿ ಮೆಚ್ಚುತ್ತಿದ್ದಾಗ, ಆ ಮೆಚ್ಚುಗೆಯ ಒಂದು ಮಾತೂ ಉಡುಪಿಯ ಆ ಬಡ ಮನೆಗೆ ತಲುಪಲಿಲ್ಲ. ಮುದ್ದಣನೆಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪನವರೇ ಎಂಬುದು ಕನ್ನಡ ನಾಡಿಗೆ ನಿಶ್ಚಯವಾಗಿ ತಿಳಿದುಬಂದದ್ದು ಅವರು ಗತಿಸಿ ಬಹುಕಾಲದ ನಂತರ. ಗುಟ್ಟು ಬಲ್ಲ ಒಂದಿಬ್ಬರು ಸ್ನೇಹಿತರು ಮತ್ತು ನಾಡಿನ ವಿದ್ವಾಂಸರ ಶ್ರಮವಿಲ್ಲದೆ ಹೋಗಿದ್ದರೆ ಆ ಹೆಸರು ಇಂದಿಗೂ ಮರೆಯಲ್ಲಿಯೇ ಇರುತ್ತಿತ್ತೇನೋ. ಮುಂದೆ ಹೊಸಗನ್ನಡದ ಮುಂಗೋಳಿ ಎಂಬ ಬಿರುದು ಬಂದಿತು. ನಂದಳಿಕೆಯಲ್ಲಿ ಕವಿಯ ಸ್ಮಾರಕ ಎದ್ದಿತು. 2017ರಲ್ಲಿ ಭಾರತೀಯ ಅಂಚೆ ಇಲಾಖೆಯು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ತನ್ನ ಹೆಸರನ್ನು ಮುಚ್ಚಿಟ್ಟು ಹಸ್ತಪ್ರತಿಗಳನ್ನು ಅಂಚೆಗೆ ಹಾಕಿದ ಕವಿಯ ಮುಖವೇ ಅಂಚೆಚೀಟಿಯಾಗಲು ನೂರಕ್ಕೂ ಮಿಕ್ಕಿ ವರ್ಷಗಳು ಬೇಕಾದವು.

ಈ ಕವಿಯ ಬಾಳಿನಿಂದ ಮುಂಬಯಿಯಲ್ಲಿರುವ ನಾವು ಕಲಿಯಬಹುದಾದದ್ದು ಎರಡು. ಮೊದಲನೆಯದು ಬರೆಯುವವರಿಗೆ. ಪದವಿ, ಹುದ್ದೆ, ಬಿಡುವು ಎಲ್ಲವೂ ಕೂಡಿಬಂದ ಮೇಲೆ ಬರೆಯೋಣವೆಂದು ಕಾಯುವವರಿಗೆ ಮುದ್ದಣನ 31 ವರ್ಷಗಳು ಉತ್ತರ ಹೇಳುತ್ತವೆ. ತನ್ನ ಕಷ್ಟವನ್ನು ಇದ್ದಂತೆ ಬರೆಯಲು ಮನಸ್ಸಾಗದಿದ್ದರೆ ಅದನ್ನು ನಗೆಯಾಗಿ, ಸಲ್ಲಾಪವಾಗಿ, ಪುರಾಣದ ಪಾತ್ರದ ಕಣ್ಣೀರಾಗಿಯೂ ಬರೆಯಬಹುದು. ಎರಡನೆಯದು ಮನೆಯವರಿಗೆ, ಮತ್ತು ಅದೇ ನಮ್ಮ ದೃಷ್ಟಿಯಲ್ಲಿ ಹೆಚ್ಚಿನದು. ಮನೋರಮೆ ಇಲ್ಲದೆ ಮುದ್ದಣನಿಲ್ಲ. ಕೇಳುವವಳು ಕೇಳಿದಳೆಂದೇ ಹೇಳುವವನು ಹೇಳಿದನು. ಅವಳು ಸುಮ್ಮನೆ ತಲೆಯಾಡಿಸಲಿಲ್ಲ. ಪ್ರಶ್ನಿಸಿದಳು, ತಿದ್ದಿದಳು, ತಿಳಿಯುವ ಕನ್ನಡದಲ್ಲಿ ಹೇಳೆಂದು ಹಠ ಹಿಡಿದಳು.

ನಮ್ಮ ಮನೆಗಳಲ್ಲಿ ಮೊದಲ ತಲೆಮಾರಿನ ಅಜ್ಜ ಅಜ್ಜಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಇಂಗ್ಲಿಷ್, ಹಿಂದಿ, ಮರಾಠಿಗಳಲ್ಲಿ ಬೆಳೆಯುವ ಮೊಮ್ಮಕ್ಕಳಿಗೆ ಅವರ ಕನ್ನಡವಾಗಲಿ ತುಳುವಾಗಲಿ ಅರ್ಧ ಮಾತ್ರ ತಿಳಿಯುತ್ತದೆ. ಹೇಳುವವರಿದ್ದೂ ಕೇಳುವವರಿಲ್ಲದೆ ಎಷ್ಟೋ ಕಥೆಗಳು ಸದ್ದಿಲ್ಲದೆ ಹೋಗಿಬಿಟ್ಟವು. ಮಳೆಗಾಲದ ಒಂದು ರವಿವಾರ ಹಿರಿಯರ ಪಕ್ಕದಲ್ಲಿ ಕುಳಿತು ಊರು ಬಿಟ್ಟ ದಿನದ ಕಥೆಯನ್ನು ಹೇಳೆಂದು ಮಕ್ಕಳು ಕೇಳಲಿ. ಅರ್ಥವಾಗದ ಮಾತು ಬಂದರೆ ಮನೋರಮೆಯಂತೆ ತಡೆದು ನಿಲ್ಲಿಸಲಿ. ಕೇಳಿದ್ದನ್ನು ನಾಲ್ಕು ಸಾಲುಗಳಲ್ಲಿ ಬರೆದಿಡಲಿ, ಕೊನೆಯಲ್ಲಿ ಹೇಳಿದವರ ನಿಜವಾದ ಹೆಸರನ್ನು ಮರೆಯದೆ ಬರೆಯಲಿ. ನಂದಳಿಕೆಯ ಕವಿಗೆ ಬದುಕಿರುವಾಗ ದೊರೆಯದೆ ಹೋದ ಆ ಗೌರವವು ನಮ್ಮ ಹಿರಿಯರಿಗಾದರೂ ಅವರ ಕಣ್ಣೆದುರಿನಲ್ಲಿಯೇ ದೊರೆಯಲಿ ಎಂಬುದು ನಮ್ಮ ಹಾರೈಕೆ.