ಮನೆಮನೆಗೆ ದೇವರನ್ನು ತಂದ ರಾಜಾ ರವಿವರ್ಮರು

ಜತ್ತ ತಾಲೂಕಿನ ಯಾವ ಹಳ್ಳಿಗೆ ಹೋದರೂ ದೇವರ ಜಗಲಿಯ ಮೇಲೆ, ಇಲ್ಲವೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ, ಕಮಲದಲ್ಲಿ ನಿಂತ ಶ್ರೀ ಲಕ್ಷ್ಮೀದೇವಿಯ ಫೋಟೋ ಕಾಣಸಿಗುತ್ತದೆ. ದಿನನಿತ್ಯ ಊದಿನಕಡ್ಡಿ ಬೆಳಗಿ ಕೈಮುಗಿಯುವ ಈ ರೂಪವನ್ನು ಬಡವರ ಮನೆಗೂ ಮುಟ್ಟಿಸಿದ ಪುಣ್ಯಾತ್ಮರು ರಾಜಾ ರವಿವರ್ಮರು. ಕೈಗೆ ಒಗ್ಗಿದ ಪದ್ಧತಿಯನ್ನು ನಡುದಾರಿಯಲ್ಲಿ ಬಿಟ್ಟು ಹೊಸದನ್ನು ಹಿಡಿಯುವ ಧೈರ್ಯ ಅವರಲ್ಲಿತ್ತು. ಆ ಧೈರ್ಯದ ಫಲವೇ ಈ ಫೋಟೋಗಳು.

ರವಿವರ್ಮರು ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ 29-4-1848ರಂದು ಜನಿಸಿದರು. ಚಿಕ್ಕಂದಿನಲ್ಲಿ ಗೋಡೆಯ ಮೇಲೆ ಗೀಚುತ್ತಿದ್ದ ಬಾಲಕನಿಗೆ ಸೋದರಮಾವನೇ ಮೊದಲ ಗುರು. 14ನೆಯ ವಯಸ್ಸಿಗೆ ತಿರುವನಂತಪುರದ ಅರಮನೆ ಸೇರಿದರು. ಅವರು ಮೊದಲು ಕಲಿತದ್ದು ನೀರಿನ ಬಣ್ಣ. ಅದು ಬೇಗನೆ ಒಣಗುತ್ತದೆ, ತಪ್ಪಿದರೆ ತಿದ್ದುವುದು ಕಷ್ಟ. ಎಣ್ಣೆಬಣ್ಣ ನಿಧಾನವಾಗಿ ಒಣಗುವುದರಿಂದ ಪದರದ ಮೇಲೆ ಪದರ ಹಚ್ಚಿ ಮೈಯ ಕಾಂತಿ, ಸೀರೆಯ ಜರಿ, ಒಡವೆಯ ಹೊಳಪನ್ನು ತರಬಹುದು. ಆದರೆ ಅದನ್ನು ಬಲ್ಲವರು ಕಲಿಸಿಕೊಡಲು ಒಪ್ಪಲಿಲ್ಲ. 1868ರಲ್ಲಿ ಅರಮನೆಗೆ ಬಂದ ಥಿಯೋಡರ್ ಜೆನ್ಸನ್ ಎಂಬ ಯುರೋಪಿನ ಚಿತ್ರಕಾರರು ತಾವು ಬರೆಯುವುದನ್ನು ನೋಡಲು ಮಾತ್ರ ಬಿಟ್ಟರು. ರವಿವರ್ಮರು ಕಣ್ಣಿನಿಂದಲೇ ವಿದ್ಯೆಯನ್ನು ಕದ್ದು, ಏಕಲವ್ಯನಂತೆ ಸ್ವಂತ ಸಾಧನೆಯಿಂದ ಅದನ್ನು ವಶಪಡಿಸಿಕೊಂಡರು.

1870ರಲ್ಲಿ ಅವರು ಕನ್ನಡ ನಾಡಿನ ಕೊಲ್ಲೂರಿಗೆ ಬಂದು ಶ್ರೀ ಮೂಕಾಂಬಿಕೆಯ ಸನ್ನಿಧಿಯಲ್ಲಿ 41 ದಿನ ವ್ರತ ಹಿಡಿದರು. ಮರಳುವ ದಾರಿಯಲ್ಲಿ ಕಲ್ಲಿಕೋಟೆಯಲ್ಲಿ ಸಂಭಾವನೆ ಪಡೆದು ಬರೆಯುವ ಮೊದಲ ಕೆಲಸ ದೊರೆಯಿತು. ಅಲ್ಲಿಂದ ತಾಯಿಯ ಕೃಪೆ ಕೈಬಿಡಲಿಲ್ಲ. 1873ರಲ್ಲಿ ವಿಯೆನ್ನಾ ಪ್ರದರ್ಶನದಲ್ಲಿ ಬಹುಮಾನ ಬಂದಿತು. ಸ್ವಾಮಿ ವಿವೇಕಾನಂದರು ಚಿಕಾಗೋದಲ್ಲಿ ಮಾತನಾಡಿದ 1893ರಲ್ಲಿಯೇ ಆ ನಗರದ ಪ್ರದರ್ಶನದಲ್ಲಿ ಇವರ ಚಿತ್ರಗಳಿಗೂ ಪದಕ ದೊರೆಯಿತು.

ಬಡೋದೆಯ ಸಯಾಜಿರಾವ ಮಹಾರಾಜರಿಗಾಗಿ ಬರೆದ 14 ಪುರಾಣ ಚಿತ್ರಗಳನ್ನು ಮುಂಬಯಿಯಲ್ಲಿ ಪ್ರದರ್ಶನಕ್ಕಿಟ್ಟಾಗ ಜನಸಾಗರವೇ ನೆರೆಯಿತು. ಆದರೆ ಚಿತ್ರಗಳು ಅರಮನೆ ಸೇರಿದ ಮೇಲೆ ಆ ಜನಕ್ಕೆ ದರ್ಶನವೆಲ್ಲಿ? ಚಿತ್ರಗಳನ್ನು ಅಚ್ಚು ಹಾಕಿಸಬೇಕೆಂದು ದಿವಾನ್ ಸರ್ ಟಿ. ಮಾಧವರಾಯರು ಹಿಂದೆಯೇ ಸಲಹೆ ಕೊಟ್ಟಿದ್ದರು. ಕೀರ್ತಿಯ ಶಿಖರದಲ್ಲಿದ್ದಾಗಲೇ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ಸು ತೆರೆದರು.

ಇದು ಸುಲಭದ ಮಾತಾಗಿರಲಿಲ್ಲ. ಕುಂಚದಿಂದ ಬಣ್ಣದೊಳಗೆ ಬಣ್ಣ ಬೆರೆಸಿದ ಚಿತ್ರವನ್ನು ಬಿಡಿಸಿ, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿನ ಮೇಲೆ ತಿರುಗುಮುರುಗಾಗಿ ಬರೆಯಬೇಕು. ಅದೇ ಹಾಳೆಯನ್ನು ಆ ಕಲ್ಲುಗಳ ಮೇಲೆ ಸರತಿಯಂತೆ ಒತ್ತಬೇಕು. ಕೂದಲೆಳೆಯಷ್ಟು ಸರಿದರೂ ದೇವಿಯ ಮುಖ ಕೆಡುತ್ತದೆ. ಇದಕ್ಕಾಗಿ ಜರ್ಮನಿಯಿಂದ ಯಂತ್ರ, ಕುಶಲಕರ್ಮಿಗಳನ್ನು ತರಿಸಿದರು. ಅರಮನೆಯ ಚಿತ್ರದ ನುಣುಪು ಅಚ್ಚಿನಲ್ಲಿ ಪೂರ್ತಿ ಬರುತ್ತಿರಲಿಲ್ಲ. ಆದರೂ ಲಕ್ಷ್ಮೀ, ಸರಸ್ವತಿಯರು ಸಾಮಾನ್ಯರ ಮನೆ ಹೊಕ್ಕರು. ಗುಡಿಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಗುಡಿಸಲಿಗೂ ದೇವರು ತಾನೇ ನಡೆದು ಬಂದಂತಾಯಿತು.

ಅಷ್ಟರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಪ್ರೆಸ್ಸನ್ನು ಲೋಣಾವಳದ ಹತ್ತಿರದ ಮಳವಳಿಗೆ ಸಾಗಿಸಬೇಕಾಯಿತು. ಸಾಲ ಬೆಳೆಯಿತು. ಕೊನೆಗೆ ಅದನ್ನು ಜರ್ಮನಿಯ ಶ್ಲೈಖರ್ ಎಂಬವರಿಗೆ ಮಾರಿದರು. ರವಿವರ್ಮರಿಗೆ ನಷ್ಟವಾದರೂ ಅಚ್ಚಿನ ಕೆಲಸ ನಿಲ್ಲಲಿಲ್ಲ.

ಕೊನೆಯ ವರ್ಷಗಳಲ್ಲಿ ಮೈಸೂರು ಅರಮನೆಗಾಗಿ ಒಂಬತ್ತು ಪುರಾಣ ಚಿತ್ರಗಳ ಕೆಲಸ ಬಂದಿತು. ಬಲಗೈಯಂತೆ ಜೊತೆಗಿದ್ದು, ತಾನೂ ಚಿತ್ರಕಾರನಾಗಿದ್ದ ತಮ್ಮ ರಾಜರಾಜವರ್ಮ 1905ರಲ್ಲಿ ತೀರಿಕೊಂಡರು. ಆ ದುಃಖವನ್ನು ನುಂಗಿಕೊಂಡೂ ರವಿವರ್ಮರು ಕುಂಚ ಕೆಳಗಿಡಲಿಲ್ಲ. 2-10-1906ರಂದು ಹುಟ್ಟೂರಿನಲ್ಲಿ ತಮ್ಮ 58ನೆಯ ವಯಸ್ಸಿನಲ್ಲಿ ದೈವಾಧೀನರಾದರು. ಅವರ ಮೂಲ ಚಿತ್ರಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕಾಣಬಹುದು.

ನೀರಿನ ಬಣ್ಣ ಹೋಗಿ ಎಣ್ಣೆಬಣ್ಣ ಬಂದಿತು, ಕುಂಚದ ಜೊತೆಗೆ ಕಲ್ಲಚ್ಚು ಬಂದಿತು. ಭಕ್ತಿ ಮಾತ್ರ ಕೊಲ್ಲೂರಿನಲ್ಲಿ ಇದ್ದಂತೆಯೇ ಕಡೆತನಕ ಉಳಿಯಿತು. ಹಿಡಿದ ಕೆಲಸ ಅರ್ಧಕ್ಕೆ ಕಠಿಣವಾದಾಗ ದಾರಿ ಬದಲಿಸಿಯಾದರೂ ಮುಂದೆ ಸಾಗುವ ಇಂಥ ಬುದ್ಧಿಯನ್ನು ಭಗವಂತನು ಸಕಲ ಭಕ್ತರಿಗೂ ದಯಪಾಲಿಸಲಿ.